ಬಾಲವಿಲ್ಲದ ಎತ್ತು

ಕನಕಗಿರಿಯ ಬೀಸುಕಲ್ಲಿನ ವಿರುಪಣ್ಣನಿಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಕೆಂಪಂಚಿನ ವಲ್ಲಿಯೊಂದನ್ನು ಹೆಗಲಿಗೆ ಹಾಕಿಕೊಳ್ಳಬೇಕೆನಿಸಿತು. ನಿಜಾಮ ಸರಕಾರದಲ್ಲಿ ಸಭೆ ಕೂಡುವುದಕ್ಕೆ ಪರವಾನಿಗೆ ಬೇಕಿತ್ತು, ಸಾಲೆ ತೆರೆಯುವುದಕ್ಕೆ ಬೇಕಿತ್ತು, ನಾಲ್ಕು ಮಂದಿ ಕೂತು ಪುಸ್ತಕ ಓದುವುದಕ್ಕೂ ಬೇಕಿತ್ತು. ಹೆಗಲ ಮೇಲೆ ಬಟ್ಟೆ ಹಾಕಿಕೊಳ್ಳುವುದಕ್ಕೆ ಬೇಕಿರಲಿಲ್ಲ. ಆಮೇಲೆ ಆದದ್ದನ್ನೆಲ್ಲ ನೋಡಿದರೆ, ಸರಕಾರ ಅದೊಂದನ್ನು ಹೇಗೆ ಮರೆಯಿತೋ ತಿಳಿಯದು.

ಅವನ ಮನೆತನದವರು ಮುತ್ತಜ್ಜನ ಕಾಲದಿಂದ ಗುಡ್ಡದ ಕಲ್ಲು ಒಡೆದು, ಬೀಸುಕಲ್ಲು ಕಟೆದು, ಸಂತೆಗಳಲ್ಲಿ ಮಾರುತ್ತ ಬಂದವರು. ಕಟೆಯುವವನು ವಿರುಪಣ್ಣ. ಮಾರುವವಳು ಅವನ ತಾಯಿ ಮುದಕಮ್ಮ. ಆಕೆ ಚಾಣದಿಂದ ಕಲ್ಲಿಗೆ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ, ಬೆಲೆ ಹೇಳುತ್ತಿದ್ದಳು. ಒಂದೇ ಸಲ ಹೇಳುತ್ತಿದ್ದಳು. ಗಿರಾಕಿ ಚೌಕಾಶಿಗೆ ಬಾಯಿ ತೆರೆದರೆ, “ಹಂಗಾರ ಕಾಳು ಇಡೀದ ನುಂಗು” ಎಂದು ಮುಖ ತಿರುಗಿಸುತ್ತಿದ್ದಳು. ಇಂಥ ವ್ಯಾಪಾರದಲ್ಲಿ ಗಂಡಸಿಗೆ ಏನು ಮರ್ಯಾದೆ ಉಳಿದೀತು? ಮಾರಾಟವಾದ ಕಲ್ಲನ್ನು ಗಿರಾಕಿಯ ತಲೆಗೆ ಎತ್ತಿ ಇಡುವುದಷ್ಟೇ ಸಂತೆಯಲ್ಲಿ ವಿರುಪಣ್ಣನ ಕೆಲಸ.

ಸಂತೆಯ ಆಚೆ ಬದಿ, ಬೇವಿನ ಮರದ ಕೆಳಗೆ, ದನದ ವ್ಯಾಪಾರ ನಡೆಯುತ್ತಿತ್ತು. ಅಲ್ಲಿ ಯಾರೂ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ದಲಾಲಿ ಮಕ್ಬುಲಸಾಬ ಕೊಳ್ಳುವವನ ವಲ್ಲಿಯನ್ನೇ ತಮ್ಮಿಬ್ಬರ ಕೈ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಕೇಳುತ್ತಿದ್ದ. ಬೇಡವಾದರೆ ತೋರುಬೆರಳು ಮಡಚಬೇಕು. ಮಡಚದಿದ್ದರೆ ಒಪ್ಪಿದಂತೆ. ಒಪ್ಪಿದ ಮೇಲೆ ಕೊಳ್ಳುವವನ ಬಾಯಿಗೊಂದು ಚೂರು ಬೆಲ್ಲ, ಮಾರುವವನ ಬಾಯಿಗೊಂದು ಚೂರು. ಬೆಲ್ಲ ತಿಂದು ಮಾತು ತಪ್ಪಿದವನಿಂದ ಆ ಸಂತೆಯಲ್ಲಿ ಮತ್ತೆ ಯಾರೂ ಏನನ್ನೂ ಕೊಳ್ಳುತ್ತಿರಲಿಲ್ಲ. ಸುತ್ತ ನಿಂತ ನೂರು ಮಂದಿ ಉಸಿರು ಬಿಗಿಹಿಡಿದು ಆ ವಲ್ಲಿಯನ್ನೇ ನೋಡುತ್ತಿದ್ದರು. ತನ್ನ ಕೈಯನ್ನೂ ಒಮ್ಮೆ ನೂರು ಮಂದಿ ಹಾಗೆ ನೋಡಲಿ ಎಂಬುದು ವಿರುಪಣ್ಣನ ಆಸೆ. ಗಾಡಿಯ ಎರಡೆತ್ತುಗಳಲ್ಲಿ ಒಂದು ಮುದಿಯಾಗಿತ್ತು. ಆಸೆಗೆ ಅದೊಂದು ನೆಪವೂ ಸಿಕ್ಕಿತ್ತು.

ಅಡ್ಡಿಯಿದ್ದದ್ದು ಒಂದೇ. ಹತ್ತು ವರ್ಷಗಳ ಹಿಂದೆ ಗುಡ್ಡದಲ್ಲಿ ಚಪ್ಪಡಿಯೊಂದು ಜಾರಿ ಅವನ ಬಲಗೈಯ ತೋರುಬೆರಳನ್ನು ಜಜ್ಜಿತ್ತು. ಚಪ್ಪಡಿ ಗೌಡರ ವಾಡೆಯ ಮೆಟ್ಟಿಲಾಯಿತು. ಬೆರಳು ವಿರುಪಣ್ಣನ ಹತ್ತಿರವೇ ಉಳಿಯಿತು. ಅಂದಿನಿಂದ ಅದು ಮಡಚದೆ ನೆಟ್ಟಗೆ ನಿಂತಿತ್ತು. ಅವನು ಸುಮ್ಮನೆ ನಿಂತರೂ ಯಾರನ್ನೋ ಬೆರಳು ಮಾಡಿ ತೋರಿಸಿದಂತೆ ಕಾಣುತ್ತಿತ್ತು. ಇದೇ ಕಾರಣಕ್ಕೆ ಗೌಡರು ಎರಡು ಸಲ ಅವನನ್ನು ಚಾವಡಿಗೆ ಕರೆಸಿ ಬೈದಿದ್ದರು.

ಆ ವರ್ಷಗಳಲ್ಲಿ ಕೊಪ್ಪಳದ ವ್ಯಾಪಾರಿ ಮನೆತನಗಳಿಗೆ ಒಂದೊಂದೇ ದಂಧೆ ಸಾಲದಾಗಿತ್ತು. ಅರಳೆಯವರು ಶೇಂಗಾಕ್ಕೆ ಕೈ ಹಾಕಿದರು, ಶೇಂಗಾದವರು ಎಣ್ಣೆಗೆ ಹಾಕಿದರು. ಎತ್ತಿನ ಗಾಣದವರು ಮಾತ್ರ ಎಲ್ಲಿಗೂ ಕೈ ಹಾಕಲಾಗದೆ ಹಣೆಗೆ ಹಚ್ಚಿಕೊಂಡು ಕೂತರು. ಅರಳೆ ಅಂಗಡಿಯ ಕೊಟ್ರಪ್ಪ ಒಂದು ಹೆಜ್ಜೆ ಮುಂದೆ ಹೋಗಿ, ರೈಲಿನಲ್ಲಿ ಒಂದು ಎಂಜಿನ್ನು, ಅದಕ್ಕೆ ಜೋಡಿಸುವ ಹಿಟ್ಟಿನ ಗಿರಣಿ ತರಿಸಿದ. ಆರು ತಿಂಗಳಿಗೆ ಗಿರಣಿಯ ಕಲ್ಲು ಸವೆದು ಹಿಟ್ಟಿನ ಬದಲು ನುಚ್ಚು ಬೀಳತೊಡಗಿತು. ಕೊಪ್ಪಳ ನಕ್ಕಿತು. ಕೊಟ್ರಪ್ಪನಿಗೆ ಈಗ ಅರಳೆಯ ಗೋದಾಮು ಕಟ್ಟಿಸಲು ಚಪ್ಪಡಿ ಕಲ್ಲು ಬೇಕಿತ್ತು. ಕಲ್ಲು ಕೊಟ್ಟವರಿಗೆ ಈ ಪೀಡೆ ದಾಟಿಸಿಬಿಡು ಎಂದು ಮಕ್ಬುಲಸಾಬನಿಗೆ ಹೇಳಿದ. ನಾಲ್ಕು ಕಾಲಿಲ್ಲದ್ದನ್ನು ಮಾರುವುದು ಮಕ್ಬುಲಸಾಬನಿಗೆ ಇದೇ ಮೊದಲು. ಆದರೆ ಮಾರುವ ರೀತಿ ಅವನಿಗೆ ಒಂದೇ ಗೊತ್ತಿತ್ತು.

ಸಂತೆಯ ದಿನ ಹೊಸ ವಲ್ಲಿ ಹಾಕಿಕೊಂಡು ಬೇವಿನ ಮರದ ಸುತ್ತ ಮೂರನೆಯ ಸಲ ಸುಳಿದಾಡುತ್ತಿದ್ದ ವಿರುಪಣ್ಣನನ್ನು ಅವನು ಪಕ್ಕಕ್ಕೆ ಕರೆದ.

“ಕೊಪ್ಪಳದ ಕೊಟ್ರಪ್ಪನವರ ಮಾಲು ಒಂದೈತಿ ನೋಡ್ರಿ ವಿರುಪಣ್ಣಾರ. ಹನ್ನೆರಡು ಎತ್ತಿನ ಕೆಲಸ ಅದೊಂದ ಮಾಡ್ತೈತಿ. ಮೈ ಕಪ್ಪು. ನೀರು ಬೇಕು, ಹುಲ್ಲು ಮುಟ್ಟಂಗಿಲ್ಲ. ರೊಕ್ಕ ಬ್ಯಾಡ, ಕಲ್ಲು ಕೊಟ್ರ ಆತು.”

ಹುಲ್ಲು ಮುಟ್ಟದ ಎತ್ತೆಂದರೆ ಅರಳೆಕಾಳು, ಹಿಂಡಿ ತಿಂದು ಬೆಳೆದ ಶ್ರೀಮಂತರ ಮನೆಯ ಎತ್ತಿರಬೇಕು ಎಂದುಕೊಂಡ ವಿರುಪಣ್ಣ, ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದ. ಎಲ್ಲಿದೆ ಎಂದು ಕೇಳಲಿಲ್ಲ. ಕೇಳುವವರು ಸಣ್ಣ ವ್ಯಾಪಾರಿಗಳು.

ವಲ್ಲಿ ಹೊದಿಸಿದರು. ನೂರು ಮಂದಿ ಸೇರಿದರು. ಮಕ್ಬುಲಸಾಬ ಹತ್ತು ಗಾಡಿ ಚಪ್ಪಡಿ ಎಂದು ಬೆರಳು ಹಿಡಿದ. ಕೊಟ್ರಪ್ಪ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೂ ಅಷ್ಟೇ. ವಿರುಪಣ್ಣನ ಬೆರಳು ಮಡಚಲಿಲ್ಲ. ಮೂವತ್ತೈದು ವರ್ಷಗಳ ದಂಧೆಯಲ್ಲಿ ಮೊದಲ ಮಾತಿಗೇ ಒಪ್ಪಿದವನನ್ನು ಕಾಣದ ಮಕ್ಬುಲಸಾಬ, ತಾನೇ ತಪ್ಪು ಹಿಡಿದೆನೇನೋ ಎಂದು ಇಪ್ಪತ್ತು ಹಿಡಿದ. ಬೆರಳು ನೆಟ್ಟಗಿತ್ತು. ಮೂವತ್ತು. ನೆಟ್ಟಗೇ ಇತ್ತು. ಬೆರಳಿನ ಲೆಕ್ಕ ಗೊತ್ತಿಲ್ಲದ ವಿರುಪಣ್ಣ, ತನ್ನ ಕೈಯನ್ನು ನೋಡುತ್ತಿರುವ ಮಂದಿಯನ್ನು ನೋಡುತ್ತಿದ್ದ. ಜೀವಮಾನದಲ್ಲಿ ಇಷ್ಟು ಸುಖ ಅವನಿಗೆ ಸಿಕ್ಕಿರಲಿಲ್ಲ. ನಲವತ್ತಕ್ಕೆ ಬಂದಾಗ ಮಕ್ಬುಲಸಾಬನೇ ನಾಚಿ ನಿಲ್ಲಿಸಿ, ಬಾಯಿಗೆ ಬೆಲ್ಲ ಇಟ್ಟ.

ಸಂತೆಯ ಮುನ್ಷಿ ಚೀಟಿ ಬರೆಯಬೇಕಾಯಿತು. ದನದ ಸಂತೆಯ ಚೀಟಿಯಲ್ಲಿ ದನಕ್ಕೆ ಮಾತ್ರ ಜಾಗವಿತ್ತು, ಖಾಲಿ ಬಿಡಲು ಹುಕುಮಿರಲಿಲ್ಲ. ಮಕ್ಬುಲಸಾಬನನ್ನು ಕೇಳಿ ಕೇಳಿ ಅವನು ಉರ್ದುವಿನಲ್ಲಿ ಬರೆದ: ಎತ್ತು, ಒಂದು. ಬಣ್ಣ, ಕಪ್ಪು. ಕೊಂಬು ಒಂದೇ, ಮೇಲಕ್ಕಿದೆ, ಹೊಗೆ ಬಿಡುತ್ತದೆ. ಬಾಲವಿಲ್ಲ. ಸ್ವಭಾವ, ಮುಟ್ಟದಿದ್ದರೆ ಸಾಧು. ಮೇಲೊಂದು ಸರಕಾರಿ ಮೊಹರು ಒತ್ತಿದ. ಉರ್ದು ಬಾರದ ವಿರುಪಣ್ಣ ಅದನ್ನು ಕಣ್ಣಿಗೊತ್ತಿಕೊಂಡ.

ನಲವತ್ತು ಗಾಡಿ ಚಪ್ಪಡಿ ಎಂಬುದು ಅವನಿಗೆ ತಿಳಿದದ್ದು ಬೆಲ್ಲ ಕರಗಿದ ಮೇಲೆ. ವರ್ಷವಿಡೀ ಒಡೆದರೂ ಮುಗಿಯದಷ್ಟು ಕಲ್ಲು. ಮನೆಗೆ ಬಂದು ತಾಯಿಗೆ ಹೇಳುವಾಗ, ಆ ಬೆಲೆಗೆ ತಕ್ಕಂತೆ ಎತ್ತನ್ನು ಬೆಳೆಸದೆ ಬೇರೆ ದಾರಿಯಿರಲಿಲ್ಲ. ಎದೆಯ ಎತ್ತರ ಹೇಳಿದ, ಭುಜದ ಅಗಲ ಹೇಳಿದ, ಕಣ್ಣಿನ ತೇಜಸ್ಸನ್ನೂ ಬಿಡಲಿಲ್ಲ. ಮುದಕಮ್ಮ ಎಲ್ಲ ಕೇಳಿ, “ಎಷ್ಟು ಹಲ್ಲಿಂದು?” ಎಂದಷ್ಟೇ ಕೇಳಿದಳು. ಹಲ್ಲು ನೋಡಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಎಂಟು ದಿನಗಳಲ್ಲಿ ಎತ್ತಿನ ಸುದ್ದಿ ಗಂಗಾವತಿಯವರೆಗೂ ಹೋಗಿತ್ತು. ಅದು ಬರುವ ದಿನ ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಹೊಸ ಗೋದಲಿ ಕಟ್ಟಿದ್ದರು. ಕೊರಳಿಗೆಂದು ಹಿತ್ತಾಳೆಯ ಗಂಟೆ ತಂದಿದ್ದರು. ವಿರುಪಣ್ಣನ ಹೆಂಡತಿ ಹುಲಿಗವ್ವ ಆರತಿ ಹಚ್ಚಿಕೊಂಡು ನಿಂತಿದ್ದಳು. ಮಧ್ಯಾಹ್ನಕ್ಕೆ ಎಂಟೆತ್ತುಗಳು ಎಳೆಯುವ ಎರಡು ಗಾಡಿ ಬಂದವು. ಓಣಿಯವರು ಆ ಎಂಟರಲ್ಲಿ ಕಪ್ಪಗಿದ್ದುದನ್ನು ಹುಡುಕಿದರು. ಹಿಟ್ನಾಳದ ಗಾಡಿಯವನು ಹಗ್ಗ ಬಿಚ್ಚಿ, ತಾಡಪತ್ರಿ ಸರಿಸಿ, ಎಲ್ಲಿ ಇಳಿಸಲಿ ಎಂದು ಕೇಳಿದ. ಆಳೆತ್ತರದ ಚಕ್ರ ಹೊತ್ತ ಕಪ್ಪು ಕಬ್ಬಿಣದ ಮುದ್ದೆಯೊಂದು ಬಿಸಿಲಲ್ಲಿ ಹೊಳೆಯಿತು.

ಹುಲಿಗವ್ವ ಅತ್ತೆಯ ಮುಖ ನೋಡಿದಳು. ಹಚ್ಚಿದ ಆರತಿ ಆರಿಸಬಾರದೆಂದು ಎಂಜಿನ್ನಿಗೇ ಬೆಳಗಿ, ಕುಂಕುಮ ಹಚ್ಚಿ, ಕೊರಳೆಲ್ಲಿದೆ ಎಂದು ತಿಳಿಯದೆ ಹೊಗೆಯ ಕೊಳವೆಗೆ ಗಂಟೆ ಕಟ್ಟಿದಳು.

ಮುದಕಮ್ಮ ಒಂದು ಸುತ್ತು ಹಾಕಿ ಬಂದು ಕಟ್ಟೆಯ ಮೇಲೆ ಕೂತಳು.

“ಲೇ ವಿರುಪಾ, ಇದು ಹಿಟ್ಟು ಬೀಸೂ ಗಿರಣಿ.”

“ಹೌದಬೇ.”

“ನಾವು ಮಾರೂದು ಬೀಸುಕಲ್ಲು.”

“ಹೌದಬೇ.”

“ಇದು ನಡದ್ರ ನಮ್ಮ ಕಲ್ಲು ಯಾರು ಕೊಳ್ತಾರ? ನಡೀಲಿಲ್ಲಂದ್ರ ನಲವತ್ತು ಗಾಡಿ ಕಲ್ಲು ಯಾತಕ್ಕ ಕೊಟ್ಟಿ? ಮರಳಿಸಿದ್ರ ಬೆಲ್ಲ ಉಗುಳಿದಂಗಾತು, ಸಂತಿಗಿ ಕಾಲು ಇಡಂಗಿಲ್ಲ. ಮೂರೂ ಕಡಿ ಒಂದ ಬೆರಳಿಲೆ ಮುಚ್ಚಿ ಬಂದೀಯಲ್ಲೋ.”

ಮುದಕಮ್ಮ ಎದ್ದುಹೋಗಿ, ಗಿರಣಿಯೊಳಗಿನ ಎರಡು ಕಲ್ಲು ತೆಗೆಸಿ, ಚಾಣದಿಂದ ತಟ್ಟಿ ಕೇಳಿದಳು. ಮೊದಲ ಸಲ ಆಕೆಯ ಮುಖ ಸಡಿಲಾಯಿತು. ಕಲ್ಲಿಗೇನೂ ಆಗಿರಲಿಲ್ಲ, ಕಾಳು ಅರೆಯಲೆಂದು ಅದರ ಮೈಮೇಲೆ ಕಟೆದ ಮುಳ್ಳು ಸವೆದಿತ್ತು, ಅಷ್ಟೇ. ಮುಳ್ಳು ಹಾಕುವುದು ಗೊತ್ತಿಲ್ಲದೆ ಕೊಪ್ಪಳದ ಪೇಟೆಯ ಅಷ್ಟೂ ಜಾಣರು ಒಂದು ಗಿರಣಿಯನ್ನು ಸಂತೆಗೆ ಹಾಕಿದ್ದರು. ತಾಯಿ ಮಗ ಎರಡು ದಿನ ಕೂತು ಕಟೆದರು. ಮೂರನೆಯ ದಿನ ಎಂಜಿನ್ನು ಗುಡುಗಿತು, ಗಂಟೆ ಬಾರಿಸಿತು, ಹಿಟ್ಟು ಅರಿವೆಯಲ್ಲಿ ಸೋಸಿದಷ್ಟು ಸಣ್ಣಗೆ ಬಿತ್ತು.

ಗುಡುಗು ಕೇಳಿ ಸರಕಾರದ ಕಂದಾಯ ನೋಡುವ ಗಿರ್ದಾವರರು ಬಂದರು. ಎಂಜಿನ್ನಿಗೆ ಪರವಾನಿಗೆ ಎಲ್ಲಿ, ಇಜಾಜತ್ ಎಲ್ಲಿ ಎಂದು ಕೇಳಿದರು. ಅರ್ಜಿ ರಾಯಚೂರಿಗೆ ಹೋಗಿ, ಅಲ್ಲಿಂದ ಹೈದರಾಬಾದಿಗೆ ಹೋಗಿ, ಬದುಕಿದ್ದರೆ ಮೂರು ವರ್ಷಕ್ಕೆ ಮರಳುತ್ತದೆ, ಅಲ್ಲಿಯವರೆಗೆ ಬೀಗ ಎಂದರು. ಮುದಕಮ್ಮ ಸಂತೆಯ ಚೀಟಿ ತಂದು ಅವರ ಮುಂದೆ ಹಿಡಿದಳು.

ಗಿರ್ದಾವರರು ಓದಿದರು. ಎಂಜಿನ್ನು ನೋಡಿದರು. ಮತ್ತೆ ಓದಿದರು.

“ಇದು ಎತ್ತು ಅಂತ ಬರದೈತಿ.”

“ಸರಕಾರದ ಮೊಹರು ಐತಿ ಸಾಹೇಬ್ರ. ಸರಕಾರ ಎತ್ತು ಅಂದ ಮ್ಯಾಲ ಎಂಜಿನ್ನು ಅನ್ನಾಕ ನಾವ್ಯಾರು?”

ಚೀಟಿ ಸುಳ್ಳೆಂದರೆ ಮುನ್ಷಿಯ ನೌಕರಿ ಹೋಗುತ್ತದೆ. ಮುನ್ಷಿ ಗಿರ್ದಾವರರ ಹೆಂಡತಿಯ ತಮ್ಮ. ಆದ್ದರಿಂದ ಎಂಜಿನ್ನು ಎತ್ತಾಗಿಯೇ ಉಳಿಯಿತು. ಗುಡ್ಡದಲ್ಲಿ ದನ ಮೇಯಿಸುವ ತೆರಿಗೆಯನ್ನು ಅದಕ್ಕೂ ಹಾಕಿ ಅವರು ಹೊರಟುಹೋದರು. ಮಳೆಗಾಲಕ್ಕೆ ಮುಂಚೆ ದನದ ಡಾಕ್ಟರು ದೊಡ್ಡರೋಗದ ಚುಚ್ಚುಮದ್ದು ತೆಗೆದುಕೊಂಡು ಆ ತೆರಿಗೆಯ ಯಾದಿ ಪ್ರಕಾರ ಬಂದರು. ಚುಚ್ಚದೆ ಬಿಟ್ಟ ಪ್ರತಿ ದನಕ್ಕೂ ಮೇಲಿನವರಿಗೆ ಕಾರಣ ಬರೆಯಬೇಕಿತ್ತು, ಚುಚ್ಚಿದ್ದಕ್ಕೆ ಬೇಕಿರಲಿಲ್ಲ. ಅವರು ಗಿರಣಿಯ ನೆರಳಲ್ಲಿ ಕೂತು ಮಜ್ಜಿಗೆ ಕುಡಿದು, “ಮದ್ದು ಕೊಡಲಾಯಿತು, ಪ್ರಾಣಿ ಅಲುಗಾಡಲಿಲ್ಲ” ಎಂದು ಬರೆದರು.

ಸರಕಾರವನ್ನು ದಾಟುವುದು ಇಷ್ಟು ಸಲೀಸಾಯಿತು. ಊರನ್ನು ದಾಟುವುದು ಉಳಿದಿತ್ತು.

ಗಿರಣಿ ಸುರುವಾಗಿ ಹತ್ತು ದಿನವಾದರೂ ಯಾರೂ ಕಾಳು ತರಲಿಲ್ಲ. ತಮಗಿಂತ ಮುಂಚೆ ಯಾರ ಕಾಳು ಬಿದ್ದಿತ್ತೋ ಎಂಬುದು ಎಲ್ಲರ ಪ್ರಶ್ನೆ. ಮೊದಲು ಬಂದವಳು ಹೊರಕೇರಿಯ ಕರಿಯವ್ವ. ಆಕೆ ಹಗಲೆಲ್ಲ ಗೌಡರ ಹೊಲದಲ್ಲಿ ಕೂಲಿ ಮಾಡಿ ಬಂದು, ಆಮೇಲೆ ಬೀಸಿ, ಆಮೇಲೆ ರೊಟ್ಟಿ ಬಡಿದು, ಆಮೇಲೆ ಮಕ್ಕಳನ್ನು ಎಬ್ಬಿಸಿ ಉಣಿಸುವವಳು. ಗಿರಣಿಯ ಮುಂದಿನ ಬೇವಿನ ಬುಡದಲ್ಲಿ ಬುಟ್ಟಿಯಿಟ್ಟು ದೂರ ಸರಿದು ನಿಂತಳು. ವಿರುಪಣ್ಣ ಬೀಸಿಕೊಟ್ಟ. ಹಿಟ್ಟು ಕೈಯಲ್ಲಿ ಹಿಡಿದು ಆಕೆ, “ಇವತ್ತ ನನ್ನ ಮಕ್ಕಳು ನಿದ್ದಿಗಿಂತ ಮೊದಲ ಉಣ್ತಾವ ನೋಡ್ರಿ” ಎಂದಳು. ಮರುದಿನದಿಂದ ಇಡೀ ಹೊರಕೇರಿ ಬಂತು.

ಪೇಟೆ ಬೀದಿಯ ದೊಡ್ಡಂಗಡಿ ಮನೆಯ ಶೇಖರಮ್ಮ ಮಡಿಗೆ ಹೆಸರಾದವಳು. ಆಕೆಯ ಮನೆಯಲ್ಲಿ ಬೀಸುತ್ತಿದ್ದ ಮೂವರು ಹೆಂಗಸರೂ ಶೇಂಗಾ ಸುಲಿಯುವ ಕೂಲಿಗೆಂದು ಕೊಪ್ಪಳಕ್ಕೆ ಹೋಗಿಬಿಟ್ಟಿದ್ದರು. ನಾಲ್ಕು ದಿನ ತಾನೇ ಬೀಸಿದ ಶೇಖರಮ್ಮನಿಗೆ ಐದನೆಯ ದಿನ ಯಂತ್ರಕ್ಕೆ ಮೈಲಿಗೆಯಿಲ್ಲವೆಂದು ತಿಳಿಯಿತು. ಆದರೆ ಪಾಳಿ ಹೇಗೆ? ವಿರುಪಣ್ಣ ಮೂರು ದಿನ ತಲೆ ಕೆರೆದು ಏರ್ಪಾಟು ಮಾಡಿದ. ದಿನದ ಮೊಟ್ಟಮೊದಲ ಪಾಳಿ ಶೇಖರಮ್ಮನದು. ಆಮೇಲೆ ಗೌಡರದು, ಪೂಜಾರಿಯದು, ಹೀಗೆ ಮೇಲಿನಿಂದ ಇಳಿಯುತ್ತ ಬಂದು ದಿನದ ಕಟ್ಟಕಡೆಯ ಪಾಳಿ ಹೊರಕೇರಿಯದು. ಬೆಳಗ್ಗೆ ಶೇಖರಮ್ಮನ ಆಳು ತಂಬಿಗೆಯ ತೀರ್ಥವನ್ನು ಎಂಜಿನ್ನಿಗೆ ಚಿಮುಕಿಸಿದ ಮೇಲೆಯೇ ಕಾಳು ಸುರಿಯುವುದು. ಊರು ಈ ಏರ್ಪಾಟನ್ನು ಮೆಚ್ಚಿತು. ವಿರುಪಣ್ಣನ ತಲೆಯೂ ಒಮ್ಮೊಮ್ಮೆ ಓಡುತ್ತದೆಂದು ಗೌಡರು ಹೇಳಿದರು.

ಗಿರಣಿ ನಡೆಯತೊಡಗಿದ ಮೇಲೆ ಮೊದಲ ಸಲ ಮುಳ್ಳು ಹಾಕಲು ಕಲ್ಲು ಬಿಚ್ಚಿದಾಗ ವಿರುಪಣ್ಣ ಒಂದು ಸಂಗತಿ ಕಂಡ. ಗಿರಣಿ ನಿಂತ ಮೇಲೂ ಎರಡು ಕಲ್ಲುಗಳ ನಡುವೆ ಅರ್ಧ ಸೇರು ಹಿಟ್ಟು ಉಳಿಯುತ್ತಿತ್ತು. ಕಡೆಗೆ ಬೀಸಿದವರ ಆ ಹಿಟ್ಟು, ಮುಂದಿನವರ ಹಿಟ್ಟಿನ ಜೊತೆ ಮೊದಲು ಹೊರಗೆ ಬೀಳುತ್ತಿತ್ತು. ಅವನು ಮೆಲ್ಲಗೆ ಲೆಕ್ಕ ಹಾಕಿದ. ಸಂಜೆ ಕಡೆಗೆ ಬೀಸಿಕೊಂಡು ಹೋಗುವವಳು ಕರಿಯವ್ವ. ಬೆಳಗ್ಗೆ ಮೊದಲು ಬೀಸುವುದು ಶೇಖರಮ್ಮನ ಕಾಳು. ಅಂದರೆ ಊರಲ್ಲೆಲ್ಲ ಅತಿ ಹೆಚ್ಚು ಮಡಿಯಿದ್ದ ಮನೆಗೇ ದಿನಾ ತಪ್ಪದೆ ಹೊರಕೇರಿಯ ಅರ್ಧ ಸೇರು ಹಿಟ್ಟು ಮುಟ್ಟುತ್ತಿತ್ತು. ಇದನ್ನು ಅವನೇ ಮೂರು ದಿನ ತಲೆ ಕೆರೆದು ಗೊತ್ತುಮಾಡಿದ್ದ.

ಓಡಿಹೋಗಿ ತಾಯಿಗೆ ಹೇಳಿದ. ಆಕೆಗೆ ಮೊದಲ ದಿನದಿಂದಲೇ ಗೊತ್ತಿತ್ತು.

“ಬೆರಳು ಮಡಚಾಕಂತೂ ಬರಂಗಿಲ್ಲ. ಬಾಯಾದ್ರೂ ಮುಚ್ಚಾಕ ಬರ್ತೈತಿಲ್ಲ?”

ಆರು ತಿಂಗಳು ಬಾಯಿ ಮುಚ್ಚಿಕೊಂಡ. ಈ ನಡುವೆ ಬೀಸುಕಲ್ಲು ಕೇಳುವವರೇ ಇಲ್ಲವಾದರು; ಮನೆಯ ಅನ್ನವೆಲ್ಲ ಗಿರಣಿಯಿಂದಲೇ ಬರಬೇಕಾಯಿತು. ಗಂಗಾವತಿಯಲ್ಲೊಂದು, ಕುಷ್ಟಗಿಯಲ್ಲೊಂದು ಹೊಸ ಗಿರಣಿಯಾಗಿ, ಮುಳ್ಳು ಹಾಕಿಸಲು ಅವರೂ ಮುದಕಮ್ಮನಿಗೇ ಗಾಡಿ ಕಳಿಸತೊಡಗಿದರು. ಶೇಖರಮ್ಮನ ಮಗಳ ಮದುವೆಯಾಯಿತು. ಗೌಡರು, ಪೂಜಾರಿ, ಗಿರ್ದಾವರರು ಎಲ್ಲ ಐದು ದಿನ ಉಂಡರು. ಇಂಥ ಮೆತ್ತನೆಯ ಹೋಳಿಗೆಯನ್ನು ಹುಟ್ಟಿದಾಗಿನಿಂದ ತಿಂದಿರಲಿಲ್ಲವೆಂದು ಪೂಜಾರಿ ಊರೆಲ್ಲ ಹೇಳಿಕೊಂಡು ತಿರುಗಿದ.

ಆವರೆಗೆ ಹೊರಕೇರಿಯವರ ಕೂಲಿ ಬಿಳಿಜೋಳದಲ್ಲಿತ್ತು. ದೀಪಾವಳಿಯ ಹೊತ್ತಿಗೆ ಗೌಡರು ಜೋಳದ ಬೆಲೆ ಏರಿದ್ದು ನೋಡಿ, ಕೂಲಿಗೆ ಹೊಸ ಸಜ್ಜೆ ಅಳೆಯತೊಡಗಿದರು. ಸಜ್ಜೆಯ ಹಿಟ್ಟು ಬೂದಿ ಬಣ್ಣದ್ದು. ಮರುದಿನ ಬೆಳಗ್ಗೆ ಬುಟ್ಟಿ ಮಗುಚಿದಾಗ ಶೇಖರಮ್ಮನ ಬೆಳ್ಳಗಿನ ಗೋಧಿಹಿಟ್ಟಿನ ಮೇಲೆ ಬೂದಿ ಬಣ್ಣದ ಒಂದು ಪದರ ಬಿದ್ದಿತ್ತು.

ಶೇಖರಮ್ಮ ಹಿಟ್ಟನ್ನು ಹಿತ್ತಾಳೆಯ ಪರಾತದಲ್ಲಿ ಹಾಕಿಕೊಂಡು ನೇರ ಚಾವಡಿಗೆ ಬಂದಳು. ಗೌಡರು, ಪೂಜಾರಿ ಬಂದರು. ಊರಿಗೆ ಬಂದಿದ್ದ ಗಿರ್ದಾವರರು ಕುರ್ಚಿಯಲ್ಲಿ ಕೂತರು. ಹಿಟ್ಟಿನಲ್ಲಿ ಇರುವುದೇನು ಎಂದು ವಿರುಪಣ್ಣ ಹೇಳಬೇಕು. ಮೈಲಿಗೆಯಾದದ್ದು ನಿಜವಾದರೆ ಗಿರಣಿಗೆ ಬೀಗ, ಮನೆತನ ಊರ ಹೊರಗೆ. ಕರಿಯವ್ವನನ್ನೂ ಕರೆಸಿದ್ದರು, ಆಕೆ ಚಾವಡಿಯ ಎದುರಿನ ಬೇವಿನ ಕೆಳಗೆ ನಿಂತಿದ್ದಳು.

ಅದು ಕಲ್ಲಿನ ಬಣ್ಣ ಎನ್ನಬೇಕೆಂದು ಮುದಕಮ್ಮ ದಾರಿಯುದ್ದಕ್ಕೂ ವಿರುಪಣ್ಣನಿಗೆ ಬಾಯಿಪಾಠ ಮಾಡಿಸಿದ್ದಳು. ಹೊಸದಾಗಿ ಮುಳ್ಳು ಹಾಕಿದ ಕಲ್ಲು ನಾಲ್ಕು ದಿನ ಬಣ್ಣ ಬಿಡುವುದು ಮನೆಮನೆಗೂ ಗೊತ್ತಿದ್ದ ಮಾತು. ಆದರೆ ನೂರು ಮಂದಿ ತನ್ನನ್ನೇ ನೋಡುತ್ತಿರುವುದನ್ನು ಕಂಡ ವಿರುಪಣ್ಣನಿಗೆ ಪಾಠವೆಲ್ಲ ಮರೆತುಹೋಯಿತು.

“ಅದು ಕರಿಯವ್ವನ ಸಜ್ಜಿರಿ,” ಎಂದ. “ಮೊದಲು ಜ್ವಾಳ ಇತ್ತು, ಅದಕ್ಕ ಕಾಣ್ತಿರಲಿಲ್ಲ. ದಿನಾ ಅರ್ಧ ಸೇರು ಹೋಗತೈತ್ರಿ. ಆರು ತಿಂಗಳಾತು.”

ಮುದಕಮ್ಮ ಕಣ್ಣು ಮುಚ್ಚಿದಳು.

ಪೂಜಾರಿಯ ತುಟಿ ಮೆಲ್ಲಗೆ ಆಡುತ್ತಿತ್ತು; ಅವನು ತಿಂಗಳು ಎಣಿಸುತ್ತಿದ್ದ. ದೀಪಾವಳಿಯಿಂದ ಹಿಂದಕ್ಕೆ ಎಣಿಸುತ್ತ ಮದುವೆಯ ಹೋಳಿಗೆಗೆ ಬಂದು ನಿಂತ. ಗೌಡರು ಆಗಲೇ ಅಲ್ಲಿಗೆ ಮುಟ್ಟಿದ್ದರು. ಗಿರ್ದಾವರರು ಮದುವೆಯಲ್ಲಿ ಉಂಡದ್ದಲ್ಲದೆ ಬುತ್ತಿ ಕಟ್ಟಿಸಿಕೊಂಡು ಹೋಗಿದ್ದರು. ಶೇಖರಮ್ಮ ಬೀಗರ ಮನೆಗೆ ಕಳಿಸಿದ ಐದು ಬುಟ್ಟಿ ಉಂಡೆಗಳನ್ನು ನೆನೆದು ಪರಾತವನ್ನು ಸೆರಗಿನಿಂದ ಮುಚ್ಚಿದಳು. ಶುದ್ಧಿ ಮಾಡುವುದಾದರೆ ಯಾರನ್ನು ಯಾರು ಮಾಡಬೇಕು? ಮೈಲಿಗೆಯಾಗದೆ ಉಳಿದ ಪಂಚರು ಊರಲ್ಲಿ ಒಬ್ಬರೂ ಇರಲಿಲ್ಲ.

ಗೌಡರು ಗಂಟಲು ಸರಿಮಾಡಿಕೊಂಡರು.

“ಇವನಿಗೇನು ತಿಳೀತೈತಿ, ಹುಚ್ಚ. ಅದು ಕಲ್ಲಿನ ಬಣ್ಣ.”

“ಕಲ್ಲಿಂದ,” ಎಂದ ಪೂಜಾರಿ. “ನೋಡಿದ್ರ ಗೊತ್ತಾಗತೈತಿ.”

“ಇಲ್ರಿ, ಸಜ್ಜಿ, ನಾನ ಸ್ವತ…” ಎಂದು ವಿರುಪಣ್ಣ ಸುರುಮಾಡಿದ್ದನ್ನು ಗೌಡರು ಕೈಯೆತ್ತಿ ತಡೆದರು. ಗಿರ್ದಾವರರು ಪಂಚನಾಮೆ ಬರೆದರು. ಹಿಟ್ಟಿನಲ್ಲಿ ಕಂಡುಬಂದದ್ದು ಕಲ್ಲು. ಸದರಿ ಕಲ್ಲನ್ನು ಉಂಡವರಿಗೆ ಯಾವ ದೋಷವೂ ಇಲ್ಲ. ಎತ್ತಿನ ಚೀಟಿಗೆ ಬಿದ್ದಿದ್ದ ಮೊಹರೇ ಇದಕ್ಕೂ ಬಿತ್ತು.

ಮಂದಿ ಏಳತೊಡಗಿದಾಗ ಬೇವಿನ ಕೆಳಗಿನಿಂದ ಕರಿಯವ್ವನ ದನಿ ಬಂತು. ಏರು ದನಿಯೇನಲ್ಲ, ಪಾಳಿ ಕೇಳುವ ದನಿ.

“ವಿರುಪಣ್ಣಾರ, ಹಂಗಾರ ಇವತ್ತ ಸಂಜಿಗೂ ಎರಡು ಸೇರು ಕಲ್ಲು ತರ್ತೀನ್ರಿ. ಸಣ್ಣಗ ಬೀಸ್ರಿ. ಮುಂಜಾನಿ ಅವ್ವಾರ ಮನಿ ರೊಟ್ಟಿ ಮೆತ್ತಗಾಗಬೇಕು.”

ಕಲ್ಲು ತರಬೇಡ ಎನ್ನಲು ಯಾರಿಗೂ ಬಾಯಿರಲಿಲ್ಲ. ವಿರುಪಣ್ಣ ಆಗಲೆಂದು ಬಲಗೈ ಎತ್ತಿದ. ತೋರುಬೆರಳು ಮಡಚಲಿಲ್ಲ. ಅದು ಚಾವಡಿಯ ಮೇಲೆ ಕೂತ ಪಂಚರ ಕಡೆಗೇ ನೆಟ್ಟಗೆ ನಿಂತಿತ್ತು. ಈ ಸಲ ಗೌಡರು ಬೈಯಲಿಲ್ಲ.